ಎಡ ಕಾರ್ನರ್: ಬಳಸುವ ಮುನ್ನ ಓದಿ

ಪುಣೆಯ ಧನಕವಡಿಯ ಕನ್ನಡ ಮನೆಯಲ್ಲಿ ಮಗ ಕಬಡ್ಡಿ ಆಡುತ್ತಾನೆಂದರೆ ಬಂದ ನೆಂಟರೆಲ್ಲ ಕೇಳುವುದು ಒಂದೇ: ‘ರೈಡರ್ರಾ?’ ಅಲ್ಲ ಎಂದು ತಲೆಯಾಡಿಸುವ ಮಕ್ಕಳಿಗಾಗಿ ಈ ಕೈಪಿಡಿ.

ಮೊದಲು ಮೊಣಕಾಲು ಪರೀಕ್ಷಿಸಿಕೊಳ್ಳಿ. ದಿನಾ ಬೆಳಿಗ್ಗೆ ತಳಜಾಯಿ ಗುಡ್ಡ ಹತ್ತಿ ಇಳಿಯಿರಿ. ಮೊಣಕಾಲಿಗೆ ಗ್ಯಾರಂಟಿ ಇಲ್ಲ, ಬಿಡಿಭಾಗ ಸಿಗುವುದಿಲ್ಲ. ಕಿವಿಯನ್ನೂ ಪಳಗಿಸಿ: ಊರ ಕಡೆಯ ‘ಹಿಡಿಯೋ!’ ಇಲ್ಲಿ ಮರಾಠಿಯ ‘ಧರ್!’ ಆಗುತ್ತದೆ. ಅನುವಾದ ಮಾಡುತ್ತ ನಿಂತರೆ ರೈಡರ್ ಮನೆ ಸೇರಿರುತ್ತಾನೆ.

ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅದರಲ್ಲಿ ನಿಮ್ಮ ಆಸ್ತಿ ಎಡ ಮೂಲೆ. ರೈಡರ್‌ಗೆ ಇರುವುದು 30 ಸೆಕೆಂಡ್. ಅಷ್ಟು ಹೊತ್ತೂ ಅವನ ಮುಖ ನೋಡಬೇಡಿ, ಮುಖ ಸುಳ್ಳು ಹೇಳುತ್ತದೆ. ಪಾದ ನೋಡಿ. ಬೋನಸ್ ಗೆರೆಗೆಂದು ಅವನು ಕಾಲು ಚಾಚಿದಾಗ, ಆಗ ಮಾತ್ರ, ನೆಲಕ್ಕೆ ಬಿದ್ದು ಎರಡೂ ಕೈಯಲ್ಲಿ ಕಣಕಾಲು ಹಿಡಿಯಿರಿ. ಅವಸರಪಟ್ಟರೆ ನೀವೇ ಔಟು; ತಡಮಾಡಿದರೆ ಕೈಗೆ ಸಿಕ್ಕಿದ್ದು ಗಾಳಿ. ಬಟ್ಟೆ, ಕೂದಲು ಹಿಡಿಯುವಂತಿಲ್ಲ. ಬಾಯಿ ಮುಚ್ಚಿ ಅವನ ‘ಕಬಡ್ಡಿ ಕಬಡ್ಡಿ’ ನಿಲ್ಲಿಸುವಂತೆಯೂ ಇಲ್ಲ.

ಇನ್ನು ಲೆಕ್ಕ. ಇದನ್ನು ಓದುವಾಗ ಕೂತುಕೊಳ್ಳಿ. ನಾಲ್ವರು ಸೇರಿ ರೈಡರ್‌ನನ್ನು ಕೆಡವಿದರೆ ತಂಡಕ್ಕೆ ಒಂದು ಅಂಕ. ಅವನು ಆ ನಾಲ್ವರನ್ನೂ ಎಳೆದುಕೊಂಡೇ ನಡುಗೆರೆ ಮುಟ್ಟಿದರೆ ಅವನಿಗೆ ನಾಲ್ಕು. ಅಂಕಣದಲ್ಲಿ ಮೂವರೋ ಇನ್ನೂ ಕಡಿಮೆಯೋ ಉಳಿದಿದ್ದಾಗ ಹಿಡಿದರೆ ಮಾತ್ರ ಎರಡು. ಮನೆ ಮುಕ್ಕಾಲು ಖಾಲಿಯಾದ ಮೇಲೆ ಸಂಬಳ ಹೆಚ್ಚಿಸುವ ಯಜಮಾನನ ಹಾಗೆ ಈ ನಿಯಮ.

ಹಾಗಾದರೆ ಈ ಕಸುಬಿಗೆ ಬೆಲೆಯೇ ಇಲ್ಲವೇ? ಇದೆ. 2023ರ ಪ್ರೊ ಕಬಡ್ಡಿ ಲೀಗ್ ಹರಾಜಿನಲ್ಲಿ ಪುಣೇರಿ ಪಲ್ಟನ್ ಇರಾನಿನ ಎಡ ಕಾರ್ನರ್ ಮೊಹಮ್ಮದ್‌ರೆಝಾ ಶಾದ್ಲೂಯಿಗೆ 2.35 ಕೋಟಿ ರೂಪಾಯಿ ಕೊಟ್ಟಿತು. ಆಗ ಕೋಚು ನಮ್ಮ ಕರ್ನಾಟಕದ ಬಿ.ಸಿ. ರಮೇಶ್. (ನೆಂಟರಿಗೆ ಇದನ್ನು ಎರಡು ಸಲ ಹೇಳಿ.) ಆ ಋತುವಿನಲ್ಲಿ ಶಾದ್ಲೂಯಿ ಹಿಡಿದು ಗಳಿಸಿದ ಅಂಕ 99, ಲೀಗಿನಲ್ಲೇ ಎಲ್ಲರಿಗಿಂತ ಹೆಚ್ಚು. 2024ರ ಮಾರ್ಚ್ 1ರಂದು ಹೈದರಾಬಾದಿನಲ್ಲಿ ಹರಿಯಾಣ ಸ್ಟೀಲರ್ಸನ್ನು 28-25ರಲ್ಲಿ ಸೋಲಿಸಿ ಪಲ್ಟನ್ ಮೊದಲ ಸಲ ಕಪ್ ಎತ್ತಿತು.

ಆ ಫೈನಲ್‌ನಲ್ಲಿ ಪಲ್ಟನ್ ಪರ ಎಲ್ಲರಿಗಿಂತ ಹೆಚ್ಚು, 9 ಅಂಕ ಗಳಿಸಿದವರು ಪಂಕಜ್ ಮೋಹಿತೆ. ರೈಡರ್.