ಮಾಸ್ಟ್ರ ಗ್ಲೈಡರ್

ಮಂಗಳೂರಿನ ಬಿಜೈಯಲ್ಲಿ ವಿಚಿತ್ರ ಆಕಾರಗಳಿಗೆ ಬರವಿಲ್ಲ. ಶ್ರೀಮಂತಿ ಬಾಯಿ ವಸ್ತುಸಂಗ್ರಹಾಲಯದ ಕಟ್ಟಡವೇ ಹಡಗಿನ ಆಕಾರದ್ದು. ಹಾಗಾಗಿ ಪಕ್ಕದ ಮನೆಯ ರಿಟೈರ್ಡ್ ಮಾಸ್ಟ್ರು ಅಟ್ಟದಿಂದ ಹಳೇ ಫೈಬರ್‌ಗ್ಲಾಸ್ ಗ್ಲೈಡರ್ ಮಾದರಿಯನ್ನು ಇಳಿಸಿದಾಗ ಯಾರೂ ಹುಬ್ಬೇರಿಸಲಿಲ್ಲ. ಮೀನು ತಂದ ಅಕ್ಕ ಮಾತ್ರ ಕೇಳಿದರು, "ಇಂಜಿನ್ ಎಲ್ಲಿ ಮಾಸ್ಟ್ರೇ?"

"ಇದಕ್ಕೆ ಇಂಜಿನ್ ಇಲ್ಲ."

"ಒಳ್ಳೇದಾಯ್ತು, ಡೀಸೆಲ್ ಖರ್ಚಿಲ್ಲ!"

ಮೈತುಂಬ ಬಿರುಕು. ಜೆಲ್‌ಕೋಟ್ ಎಂಬ ಮೇಲ್ಪದರಕ್ಕೆ ವಯಸ್ಸಾದರೆ ಹಾಗೆಯೇ. 1957ರಲ್ಲಿ ಜರ್ಮನಿಯಲ್ಲಿ ಹಾರಿದ 'ಫೀನಿಕ್ಸ್' ಗ್ಲೈಡರ್‌ನಿಂದ ಶುರುವಾದ ಈ ಫೈಬರ್ ವಂಶದವರು ಹೆಚ್ಚಾಗಿ ಬಿಳಿಯರು. ಗಾಢ ಬಣ್ಣ ಬಳಿದರೆ ಬಿಸಿಲು ಹೀರಿ ರೆಸಿನ್ ಮೆತ್ತಗಾಗುತ್ತದೆ. ಮಾಸ್ಟ್ರ ಮೊಮ್ಮಗನಿಗೆ ಇದೆಲ್ಲ ಬೇಡ, ಅವನಿಗೆ ರೆಕ್ಕೆಯ ಮೇಲೆ ಪಿಲಿವೇಷದ ಹುಲಿಪಟ್ಟೆ ಬೇಕು.

ಉಜ್ಜಲು ಬಂದರಿನ ಬೋಟು ರಿಪೇರಿಯವನೇ ಬಂದ. 400ರ ವಾಟರ್ ಪೇಪರ್, ಆಮೇಲೆ 800, ಕೊನೆಗೆ 2000. ಕೈ ಚುರುಕು, ಮನಸ್ಸು ಧಾರಾಳ. "ಇನ್ನೆರಡು ಕೋಟ್ ಹೊಡೆಯುವ ಮಾರಾಯ್ರೇ, ಗಟ್ಟಿ ಇರ್ತದೆ!" ದೋಣಿಗಾದರೆ ಸರಿ. ಹಾರುವುದಕ್ಕೆ ಬಣ್ಣವೂ ಭಾರವೇ. ಬಾಲಕ್ಕೆ ಹೆಚ್ಚು ಮೆತ್ತಿದರೆ ಮೂಗಿಗೆ ಸೀಸ ತುರುಕಬೇಕು.

ಅಷ್ಟರಲ್ಲಿ ಆಟಿ ತಿಂಗಳ ಮಳೆ. ತೇವದ ಗಾಳಿಗೆ ಬಣ್ಣ ಮಂಕಾಗುತ್ತದೆಂದು ಕೆಲಸ ನಿಂತಿತು. ಗ್ಲೈಡರ್ ಈಗ ಚಾವಡಿಯಲ್ಲಿ ತೂಗುತ್ತಿದೆ, ರೆಕ್ಕೆಯ ಮೇಲೆ ಎರಡು ಒದ್ದೆ ಬೈರಾಸು.

"ಮಳೆ ಬಿಟ್ಟ ಮೇಲೂ ಇದು ಇಲ್ಲೇ ಇರಲಿ," ಎನ್ನುತ್ತಾರೆ ಮಾಸ್ಟ್ರ ಹೆಂಡತಿ, "ಹಗ್ಗಕ್ಕಿಂತ ಗಟ್ಟಿ ಉಂಟು."