ಒಬ್ನೇಯಾ?

ನಮ್ಮ ಇಡಗುಂಜಿ ಸೀಮೆಯಲ್ಲಿ ಮನುಷ್ಯ ಒಬ್ಬನೇ ಉಣ್ಣಬಹುದು, ಒಬ್ಬನೇ ಕೂತು ಇಸ್ಪೀಟೂ ಆಡಬಹುದು. ಕಾರಣವಿಲ್ಲದೆ ಒಬ್ಬನೇ ನಡೆದು ಹೋಗುತ್ತೇನೆಂದರೆ ಮಾತ್ರ ಊರು ಬಿಡುವುದಿಲ್ಲ.

ಸ್ವಿಟ್ಜರ್‌ಲೆಂಡಿನಲ್ಲಿರುವ ಅಣ್ಣನ ಮಗ ರಜೆ ಬಂತೆಂದರೆ ಬೆನ್ನಿಗೊಂದು ಚೀಲ ಏರಿಸಿ ಆಲ್ಪ್ಸ್ ಹತ್ತುತ್ತಾನೆ. ಮರಗಿಡಗಳೆಲ್ಲ ಮುಗಿದ ಮೇಲೆ, ಹಿಂದೆಂದೋ ಹಿಮನದಿ ಕೊರೆದಿಟ್ಟುಹೋದ ಗುಂಡಿಯಲ್ಲಿ ನೀಲಿ ಕೆರೆ, ದಂಡೆಯಲ್ಲಿ ಅವನೊಬ್ಬನೇ. ಫೋಟೋ ನೋಡಿ ಅತ್ತಿಗೆ, "ಪಾಪ, ಜೊತಿಗೆ ಯಾರೂ ಸಿಕ್ಕಿದ್ವಿಲ್ಯನ" ಎಂದು ಮರುಗಿದಳು. ನನಗೆ ಹೊಟ್ಟೆಕಿಚ್ಚಾಯಿತು. ಆದರೆ ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರಿಗೆ ಸಾಕೆಂದು ಕೂತುಬಿಟ್ಟಿದೆ. ಗುಡ್ಡ, ನೀರು ಎರಡೂ ಒಟ್ಟಿಗೆ ಬೇಕೆಂದರೆ ನಮ್ಮ ಪಾಲಿಗೆ ಕಾಸರಕೋಡಿನ ಹತ್ತಿರದ ಅಪ್ಸರಕೊಂಡವೇ ಗತಿ. ಎತ್ತರ ಹೇಳಿಕೊಳ್ಳುವಂಥದ್ದಲ್ಲ. ಮೇಲೆ ನಿಂತರೆ ಅರಬ್ಬೀ ಸಮುದ್ರ ಕಾಣುತ್ತದೆ. ಆ ಸೌಕರ್ಯ ಆಲ್ಪ್ಸಿಗಿಲ್ಲ.

ದೀಪಾವಳಿ ಕಳೆದ ಮೇಲೊಂದು ಬೆಳಿಗ್ಗೆ ದೇವರಿಗೆ ಗರಿಕೆ ಕೊಟ್ಟು ಹೊರಟೆ. ನಮ್ಮ ಗಣಪತಿಗೆ ಎರಡೇ ಕೈ, ಕೂತವನೂ ಅಲ್ಲ, ಪಾದದ ಬಳಿ ಇಲಿಯೂ ಇಲ್ಲ. ವಾಹನವಿಲ್ಲದೆ ಹೊರಟವರಿಗೆ ಇವನಿಗಿಂತ ಒಪ್ಪುವ ದೇವರು ಯಾರು? ಆದರೆ ಸ್ಥಳಪುರಾಣ ಕೇಳಿದರೆ ಅವನೂ ಇಲ್ಲಿಗೆ ತಾನಾಗಿ, ಸುಮ್ಮನೆ ಬಂದವನಲ್ಲ. ವಾಲಖಿಲ್ಯ ಋಷಿಗಳ ಯಾಗಕ್ಕೆ ವಿಘ್ನ ಬಂದು, ನಾರದರು ಕೈಲಾಸಕ್ಕೆ ಹೋಗಿ ಅಮ್ಮನ ಒಪ್ಪಿಗೆ ಪಡೆದೇ ಕರೆತರಬೇಕಾಯಿತಂತೆ.

ತೋಟದ ದಾರಿ ಹಿಡಿದು ದಣಪೆ ದಾಟಿದೆ. ಅಲ್ಲಿ ಕೊನೆ ಕೊಯ್ಲು ನಡೆದಿತ್ತು. ಕೊನೆಗೌಡ ಮರದ ತಲೆಯಲ್ಲಿ ಕೂತು, ಮರವನ್ನೇ ಓಲಾಡಿಸಿ, ಪಕ್ಕದ ಮರವನ್ನು ಕೈಗೆ ಎಳೆದುಕೊಂಡು ದಾಟುತ್ತಿದ್ದ. ಕೊಯ್ದ ಕೊನೆ ಹಗ್ಗದ ಮೇಲೆ ಸರ್ರನೆ ಜಾರಿ ಕೆಳಗಿದ್ದವನ ಕೈ ಸೇರುತ್ತಿತ್ತು. ಇಂಥ ಜೀವದ ಮೇಲಿನ ಕೆಲಸದ ನಡುವೆಯೂ ಮೇಲಿನಿಂದ ಪ್ರಶ್ನೆ ಬಂತು: "ಭಟ್ರೆ, ಗಾಡಿ ಕೆಟ್ಟಿತಾ?"

"ಇಲ್ವೋ, ಸುಮ್ಮನೆ ನಡೀತಿದ್ದೆ."

ಓಲಾಡುತ್ತಿದ್ದ ಮರ ನಿಂತಿತು. "ಸುಮ್ಮನೇ?"

ಮುಂದಿನ ಮನೆಯ ಅಜ್ಜಿ ಅಂಗಳದಿಂದಲೇ ಹಿಡಿದರು. "ಮಾಣಿ, ಯಾರ ಮನಿಗೆ ಹೊಂಟಿದ್ದೆ?" ಐವತ್ತು ದಾಟಿದರೂ ನಾನು ಅವರಿಗೆ ಮಾಣಿಯೇ. ಯಾರ ಮನೆಗೂ ಅಲ್ಲ, ಅಪ್ಸರಕೊಂಡಕ್ಕೆ ಎಂದೆ. "ಒಬ್ನೇಯಾ? ಹೆಂಡ್ತಿ ಕೂಡೆ ಎಂತಾರೂ ಆತನ? ಬಾ, ಆಸ್ರಿ ಕುಡಿ." ಬೇಡವೆಂದರೆ ಜಗಳ ಆದದ್ದು ಖರೆ ಎಂದಾಗುತ್ತಿತ್ತು. ಬೆಲ್ಲ-ನೀರು ಬಂತು, ಅದರ ಹಿಂದೆ ತೊಡದೇವು, ಅದರ ಹಿಂದೆ ಕವಳದ ಬಟ್ಟಲು.

ನಾವು ಬಲ್ಲಂತೆ ಹಿಮಾಲಯದ ಸರೋವರಕ್ಕೆ ಒಬ್ಬನೇ ನಡೆದು ಹೋದ ಮೊದಲಿಗ ಭೀಮಸೇನ. ಸೌಗಂಧಿಕಾ ಪುಷ್ಪ ಇದ್ದದ್ದು ಕುಬೇರನ ಕೊಳದಲ್ಲಿ. ಅವನನ್ನೂ ಹನುಮಂತ ದಾರಿಗಡ್ಡ ಬಾಲ ಚಾಚಿ, ಎಲ್ಲಿಗೆ ಎಂದು ವಿಚಾರಿಸಿಕೊಂಡೇ ಬಿಟ್ಟದ್ದು. ಯಕ್ಷಗಾನದಲ್ಲಂತೂ ಯಾರೇ ರಂಗಕ್ಕೆ ಬಂದರೂ ಭಾಗವತರಿಗೆ ವರದಿ ಒಪ್ಪಿಸದೆ ಮುಂದೆ ಹೆಜ್ಜೆಯಿಲ್ಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮಹಾಗಣಪತಿಯ ಹೆಸರಲ್ಲಿ ಕಟ್ಟಿದ ಮೇಳದ ಆಟ ನೋಡಿಕೊಂಡೇ ಬೆಳೆದ ಊರಿದು. ಇಲ್ಲಿ ಜಗುಲಿಗೊಬ್ಬ ಭಾಗವತ. ಭೀಮನಿಗಾದರೂ ಉತ್ತರವಿತ್ತು, ಹೆಂಡತಿ ಹೂ ಕೇಳಿದ್ದಳು. ನನ್ನ ಹೆಂಡತಿ ಕೇಳಿದ್ದು "ಮಧ್ಯಾಹ್ನಕ್ಕೆ ಅನ್ನ ಇಡವ, ಬ್ಯಾಡ್ದ?" ಅಷ್ಟೇ.

ಹೆದ್ದಾರಿಗೆ ಬಿದ್ದ ಮೇಲೆ ರಿಕ್ಷಾಗಳ ಸರದಿ. ಒಬ್ಬನಂತೂ ದುಡ್ಡು ಬೇಡ, ಹತ್ತಿ ಎಂದ. ಕೈಮುಗಿದು ಕಳಿಸಿದೆ.

ಅಪ್ಸರಕೊಂಡದ ಮೆಟ್ಟಿಲಿಳಿದಾಗ ಸೂರ್ಯ ನೆತ್ತಿಗೆ ಬಂದಿದ್ದ. ಬಂಡೆಯಿಂದ ನೀರು ಬೀಳುತ್ತದೆ, ಕೆಳಗೆ ಕೊಂಡ. ಕಾಲಿಟ್ಟರೆ ಕರಾವಳಿಯ ಸೆಕೆ ಹಿಮ್ಮಡಿಯಿಂದ ಮೇಲಕ್ಕೆ ಇಳಿಯುತ್ತ ಹೋಗುತ್ತದೆ. ಮೀಯಲು ಬರುತ್ತಿದ್ದವರು ಅಪ್ಸರೆಯರು, ಬಹುವಚನ. ಅಲ್ಲಿಯ ಗುಹೆಗಳಲ್ಲಿ ಇದ್ದರೆಂಬವರು ಪಾಂಡವರು, ಐದು ಜನ. ಪುರಾಣದವರೂ ಇಲ್ಲಿಗೆ ಗುಂಪು ಕಟ್ಟಿಕೊಂಡೇ ಬಂದವರು. ಬಂಡೆಯ ಮೇಲೆ ಬುತ್ತಿ ಬಿಚ್ಚಿದ್ದ ಸಂಸಾರವೊಂದು ನನ್ನನ್ನು ಕಂಡು ಸರಿದು ಜಾಗ ಮಾಡಿತು. "ಒಬ್ಬರೇ ಬಂದದ್ದಾ?" ಎಂದು ಕನಿಕರಿಸಿ ಚಿತ್ರಾನ್ನ ಕೊಟ್ಟಿತು. ತಿಂದೆ. ಏಕಾಂತಕ್ಕೆ ಹಸಿವೆ ಜಾಸ್ತಿ.

ಸಂಜೆ ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ನನ್ನ ನಡಿಗೆಗೆ ಊರಲ್ಲಿ ಮೂರು ಕಾರಣ ಸಿದ್ಧವಾಗಿದ್ದವು: ಸಕ್ಕರೆ ಕಾಯಿಲೆ, ಹೆಂಡತಿಯ ಜೊತೆ ಜಗಳ, ಹರಕೆ. ನಾನು ಹರಕೆಯನ್ನು ಒಪ್ಪಿಕೊಂಡೆ. ಕಾಯಿಲೆ ಎಂದರೆ ತೊಡದೇವು ತಪ್ಪುತ್ತದೆ, ಜಗಳ ಎಂದರೆ ಮನೆಯ ಊಟ ತಪ್ಪುತ್ತದೆ. ಹರಕೆಯಾದರೆ ವರ್ಷಾ ವರ್ಷಾ ತೀರಿಸಬಹುದು.