ಸೂರ್ಯನಾರಾಯಣ ಸ್ವಾಮಿಯವರಿಗೊಂದು ಬಹಿರಂಗ ಅರ್ಜಿ

ಇವರಿಂದ: ತಾರಸಿ ಮೇಲಿನ ಒಬ್ಬ ಎಲೆಕ್ಟ್ರಿಷಿಯನ್, ಬೆಂಗಳೂರು

ಇವರಿಗೆ: ಶ್ರೀ ಸೂರ್ಯನಾರಾಯಣ ಸ್ವಾಮಿ, ಏಳು ಕುದುರೆಯ ರಥ, ಆಕಾಶ

ವಿಷಯ: ತಮ್ಮ ಮೇಲಿನ ದೂರುಗಳೆಲ್ಲ ನನ್ನ ಮೊಬೈಲಿಗೆ ಬರುತ್ತಿರುವ ಬಗ್ಗೆ

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತಾವು ಕೋಟ್ಯಂತರ ವರ್ಷಗಳಿಂದ ಬಿಟ್ಟಿ ಸೇವೆ ಮಾಡಿ ನಮ್ಮ ಕಸುಬಿಗೆ ಕಲ್ಲು ಹಾಕಿದ್ದೀರಿ. ಕೊಟೇಶನ್ ಕೈಗಿಟ್ಟ ಕೂಡಲೇ ಮನೆ ಯಜಮಾನರು ಕನ್ನಡಕ ಏರಿಸಿ ಕೇಳುತ್ತಾರೆ: "ಬಿಸಿಲು ಫ್ರೀ ತಾನೇನ್ರೀ? ಮತ್ತೆ ಇಷ್ಟೊಂದು ಯಾಕೆ?" ಅಷ್ಟರಲ್ಲಿ ಪಕ್ಕದ ಮನೆಯವರು ಕಾಂಪೌಂಡಿನಾಚೆಯಿಂದ ತಲೆ ಹಾಕುತ್ತಾರೆ: "200 ಯೂನಿಟ್‌ವರೆಗೆ ಗೃಹಜ್ಯೋತಿ ಇದೆಯಲ್ಲ ಸ್ವಾಮಿ, ನಿಮಗ್ಯಾಕೆ ಈ ಉಸಾಬರಿ?" ಆಕಾಶದಲ್ಲೂ ಫ್ರೀ, ಕಂಬದಲ್ಲೂ ಫ್ರೀ, ಮಧ್ಯೆ ತಾರಸಿಯಲ್ಲಿ ನಿಂತು ಕೂಲಿ ಕೇಳುವ ನಾವು ಮಾತ್ರ ದುರಾಸೆಯವರು.

ತಮ್ಮ ಫ್ರೀ ಬಿಸಿಲನ್ನು ಹಿಡಿಯುವ ಪ್ಯಾನೆಲ್ ಒಂದೊಂದೂ ಏಳೂವರೆ ಅಡಿ ಉದ್ದ, ಸುಮಾರು 28 ಕೆ.ಜಿ. ತೂಕ. ಮೂರು ಕಿಲೋವ್ಯಾಟ್‌ಗೆ ಅಂಥವು ಆರು ಬೇಕು. ಹಳೇ ಬಡಾವಣೆಯ ತಾರಸಿಗೆ ಇರುವುದೋ ಸುರುಳಿ ಕಬ್ಬಿಣದ ಮೆಟ್ಟಿಲು. ಹೊರಗಿನಿಂದ ಹಗ್ಗ ಕಟ್ಟಿ ಎಳೆಯುವಾಗ ಗಾಳಿ ಬೀಸಿತೆಂದರೆ ಪ್ಯಾನೆಲ್ಲೇ ಗಾಳಿಪಟ, ನಾವು ಬಾಲಂಗೋಚಿ. ಕೆಳಗಿನಿಂದ ಯಜಮಾನರು "ಹುಷಾರು, ಹುಷಾರು!" ಎಂದು ಕೂಗುತ್ತಾರೆ. ನಮಗಲ್ಲ, ಗೋಡೆಯ ಹೊಸ ಪೇಂಟಿಗೆ.

ಮುಂದಿನದು ದಿಕ್ಕಿನ ಸಮಸ್ಯೆ. ನಮ್ಮ ಸೀಮೆಯಲ್ಲಿ ಪ್ಯಾನೆಲ್ಲು ದಕ್ಷಿಣಕ್ಕೆ ವಾಲಿರಬೇಕು. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ ತಾವು ಮಧ್ಯಾಹ್ನ ಬೆಂಗಳೂರಿನ ನೆತ್ತಿಯಿಂದ ಉತ್ತರಕ್ಕಿರುತ್ತೀರಿ, ಉಳಿದಂತೆ ದಕ್ಷಿಣಕ್ಕೇ. ಇದನ್ನು ವಿವರಿಸಿದರೆ ವಾಸ್ತು ಬಲ್ಲ ಮಾವನವರು ಎದ್ದು ನಿಲ್ಲುತ್ತಾರೆ: "ದಕ್ಷಿಣ ಯಮನ ದಿಕ್ಕು. ಈಶಾನ್ಯಕ್ಕೆ ತಿರುಗಿಸಿ." ಯಮಧರ್ಮರಾಯರು ತಮ್ಮ ಸ್ವಂತ ಮಗ. ಅಪ್ಪನ ಪ್ಯಾನೆಲ್ಲನ್ನು ಮಗನ ದಿಕ್ಕಿಗೆ ಇಟ್ಟರೆ ಯಾವ ದೋಷ ಎಂದು ಕೇಳಿದೆ. "ಮೊದಲು ಬೀಮಿಗೆ ಡ್ರಿಲ್ ಹೊಡೆಯೋದು ನಿಲ್ಲಿಸಿ" ಎಂದರು.

ಇನ್ನು ಮೊಬೈಲ್ ಆ್ಯಪ್. ಎಷ್ಟು ಯೂನಿಟ್ ಬಂತೆಂದು ಗ್ರಾಹಕರೇ ನೋಡಿಕೊಳ್ಳಲಿ ಎಂದು ಕೊಟ್ಟದ್ದು ಈಗ ನಮ್ಮ ಕೊರಳಿಗೇ ಸುತ್ತಿಕೊಂಡಿದೆ. ಮೂರು ಕಿಲೋವ್ಯಾಟ್‌ನಿಂದ ದಿನಕ್ಕೆ ಹನ್ನೆರಡು ಯೂನಿಟ್ ಆಸುಪಾಸು ಎಂದಿದ್ದೆ. ಆಷಾಢದ ಮೋಡದಲ್ಲಿ ನಾಲ್ಕು ಬಂದರೆ ಉಳಿದ ಎಂಟು ನಾನು ಕದ್ದ ಲೆಕ್ಕ. ಒಬ್ಬರು ರಾತ್ರಿ ಊಟದ ಹೊತ್ತಿಗೆ ಫೋನ್ ಮಾಡಿ "ಜನರೇಷನ್ ಝೀರೋ ತೋರಿಸ್ತಿದೆ" ಎಂದರು. "ಸಾರ್, ಈಗ ರಾತ್ರಿ" ಎಂದೆ. "ಅದು ಗೊತ್ತು, ಆದ್ರೂ ಪೂರ್ತಿ ಝೀರೋನಾ?" ಎಂದು ಕೇಳಿದರು. ಇನ್ನೊಂದು ಮನೆಯಲ್ಲಿ ಯುಗಾದಿ ಕಳೆದ ಮೇಲೆ ದಿಢೀರನೆ ಯೂನಿಟ್ ಇಳಿಯಿತು. ಕನೆಕ್ಟರ್ ಸುಟ್ಟಿತೋ, ಇನ್ವರ್ಟರ್ ಕೈಕೊಟ್ಟಿತೋ ಎಂದು ಮೀಟರ್ ಹಿಡಿದು ಓಡಿ ಹತ್ತಿದರೆ ಎರಡು ಪ್ಯಾನೆಲ್ ಮೇಲೆ ಬಿಳಿ ಪಂಚೆ ಹಾಸಿದೆ, ಪಂಚೆಯ ತುಂಬ ಅರಳು ಸಂಡಿಗೆ. "ಚೆನ್ನಾಗಿ ಕಾದಿರುತ್ತೆ ಕಣಪ್ಪ, ಮಧ್ಯಾಹ್ನಕ್ಕೇ ಒಣಗುತ್ತೆ" ಎಂದರು ಅಜ್ಜಿ. ಒಂದು ಪ್ಯಾನೆಲ್ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಇಳಿಯುತ್ತದೆಂದು ಹೇಳಹೊರಟವನ ಕೈಗೆ ಒಂದು ಹಿಡಿ ಹಾಕಿದರು. ರುಚಿಯಾಗಿತ್ತು, ಆದರೆ ದೂರು ಮುಗಿಯಲಿಲ್ಲ.

ಎಲ್ಲಕ್ಕಿಂತ ಘೋರ ಅಪರಾಧವೆಂದರೆ ಕರೆಂಟ್ ಹೋದಾಗ ಸೋಲಾರ್ ಕೂಡ ನಿಲ್ಲುವುದು. "ನೆತ್ತಿ ಮೇಲೆ ಸೂರ್ಯ ಉರೀತಿದಾನೆ, ಮನೇಲಿ ಫ್ಯಾನಿಲ್ಲ. ಏನ್ರೀ ಇದು ಮೋಸ?" ಬ್ಯಾಟರಿ ಬೇಡ, ದುಬಾರಿ ಎಂದು ತೆಗೆಸಿದ್ದು ಅವರೇ. ಗ್ರಿಡ್‌ಗೆ ಜೋಡಿಸಿದ ಇನ್ವರ್ಟರ್ ಲೈನ್ ಸತ್ತ ಕ್ಷಣ ತಾನೂ ಆಫ್ ಆಗಲೇಬೇಕು. ಇಲ್ಲದಿದ್ದರೆ ರಿಪೇರಿಗೆ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ಇವರ ಮನೆಯ ಕರೆಂಟ್ ಹೊಡೆಯುತ್ತದೆ. ಇದನ್ನು ಹೇಳಿದರೆ "ನಮ್ಮನೆಗೆ ಮಾತ್ರ ಬರೋ ಹಾಗೆ ಏನಾದ್ರೂ ಮಾಡಿ" ಎಂದು ಕಣ್ಣು ಮಿಟುಕಿಸುತ್ತಾರೆ.

ನಮಗೆ ಹೊಡೆಯುವ ಕರೆಂಟಿನ ಬಗ್ಗೆಯೂ ಒಂದು ಮಾತು. ತಾವು ಮೇಲಿರುವವರೆಗೆ ಪ್ಯಾನೆಲ್ಲನ್ನು ಆಫ್ ಮಾಡುವ ಸ್ವಿಚ್ಚಿಲ್ಲ. ಆರನ್ನು ಸಾಲಾಗಿ ಜೋಡಿಸಿದರೆ ವೈರಿನ ತುದಿಯಲ್ಲಿ 300 ವೋಲ್ಟ್ ಆಸುಪಾಸು ಡಿ.ಸಿ. ಕಾದು ಕೂತಿರುತ್ತದೆ. ಕೆಳಗಿನ ಕಥೆ ಬೇರೆ. ಮೇನ್ ಬೋರ್ಡಿನಲ್ಲಿ ಎಂಸಿಬಿ ಸ್ವಿಚ್ ಇಳಿಸಿ, "ಮುಟ್ಟಬೇಡಿ" ಎಂದು ಚೀಟಿ ಅಂಟಿಸಿ ಮೇಲೆ ಹೋದರೆ, ಮಿಕ್ಸಿ ಓಡುತ್ತಿಲ್ಲವೆಂದು ಯಾರೋ ಎಂಸಿಬಿ ಏರಿಸಿರುತ್ತಾರೆ. ಚಟ್ನಿಯ ವಿಷಯ, ಕಾಯಲಾಗುವುದಿಲ್ಲ. ಮಿಂಚುಬಂಧಕಕ್ಕೆ, ಪ್ಯಾನೆಲ್ಲಿಗೆ, ಇನ್ವರ್ಟರಿಗೆ ಎಂದು ಅರ್ಥಿಂಗ್‌ಗೆ ಮೂರು ಗುಂಡಿ ತೋಡಬೇಕೆಂದರೆ "ಒಂದರಲ್ಲೇ ಅಡ್ಜಸ್ಟ್ ಮಾಡಿ, ತುಳಸಿಕಟ್ಟೆ ಹತ್ತಿರ ಟೈಲ್ಸ್ ಹೊಸದು" ಎನ್ನುತ್ತಾರೆ. ಸಿಡಿಲು ಅಡ್ಜಸ್ಟ್ ಮಾಡಿಕೊಳ್ಳುವ ಪೈಕಿ ಅಲ್ಲ.

ಸಬ್ಸಿಡಿಯದು ಪ್ರತ್ಯೇಕ ಪುರಾಣ. 2024ರಲ್ಲಿ ಶುರುವಾದ ಕೇಂದ್ರದ ಯೋಜನೆಗೆ ತಮ್ಮದೇ ಹೆಸರು, ಪಿಎಂ ಸೂರ್ಯಘರ್. ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ. ಆದರೆ ಅರ್ಜಿಯ ಹೆಸರೂ ಕರೆಂಟ್ ಬಿಲ್ಲಿನ ಹೆಸರೂ ಒಂದೇ ಇರಬೇಕು. ಬಿಲ್ಲು ಅಜ್ಜನ ಹೆಸರಲ್ಲಿ. ತಮ್ಮ ಮಗ ಅವರನ್ನು ಎಂದೋ ಕರೆದೊಯ್ದರೂ ಆರ್.ಆರ್. ನಂಬರು ಇನ್ನೂ ಬಿಟ್ಟುಕೊಟ್ಟಿಲ್ಲ. ಹೆಸರು ಬದಲಿಸಲು ಖಾತೆ ಬೇಕು, ಖಾತೆಗೆ ಅಣ್ಣತಮ್ಮಂದಿರು ಒಂದು ಚಾಪೆ ಮೇಲೆ ಕೂರಬೇಕು. ಅವರು ಕೂರುವವರೆಗೆ ತಡವಾದದ್ದಕ್ಕೆಲ್ಲ ಹೊಣೆ "ಆ ಸೋಲಾರ್‌ನವನು". ಅವನ ಬಾಕಿ? ಮೀಟರ್ ಬರಲಿ ಎಂದರು, ಬಂತು. ಸಬ್ಸಿಡಿ ಬರಲಿ ಎಂದರು, ಬಂತು. ಈಗ ಮಗಳ ಮದುವೆ ಮುಗಿಯಲಿ ಎನ್ನುತ್ತಿದ್ದಾರೆ. ಕೇಳಲು ಹೋದರೆ "ಹೇಗೂ ಬಂದಿದ್ದೀರಲ್ಲ" ಎಂದು ಕಿರುಗುಟ್ಟುವ ಫ್ಯಾನು, ಕೂಗದ ಕಾಲಿಂಗ್ ಬೆಲ್ಲು, ಗೀಜರಿನ ಕಪ್ಪಾದ ಪ್ಲಗ್ಗು ಸರದಿಯಲ್ಲಿ ನಿಲ್ಲುತ್ತವೆ. ಕೊನೆಗೆ ಒಂದು ಲೋಟ ಕಾಫಿ. ಸ್ಟ್ರಾಂಗಾಗಿರುತ್ತದೆ, ಅದನ್ನು ಒಪ್ಪಿಕೊಳ್ಳಬೇಕು.

ಆದ್ದರಿಂದ ತಾವು ದಯಮಾಡಿ,

1. ಮೋಡ ಕವಿದ ದಿನ ಮತ್ತು ಪ್ರತಿದಿನ ಮುಳುಗುವ ಮುನ್ನ ಗ್ರಾಹಕರಿಗೆ ನೇರವಾಗಿ ಮೆಸೇಜ್ ಕಳಿಸುವುದು.

2. ದಕ್ಷಿಣದ ವಿಚಾರವನ್ನು ಮಾವನವರ ಜೊತೆ ಖುದ್ದು ಬಗೆಹರಿಸಿಕೊಳ್ಳುವುದು.

3. ಬಿಸಿಲಿಗೆ ನಾಳೆಯಿಂದಲೇ ಚಿಕ್ಕದೊಂದು ಶುಲ್ಕ ಇಡುವುದು. ತಮಗೆ ದುಡ್ಡು ಬೇಡವೆಂದು ಗೊತ್ತು. ಆದರೆ ತಮ್ಮ ಕೈಯಲ್ಲೂ ಒಂದು ಬಿಲ್ಲಿದ್ದರೆ ಜನ ಚೌಕಾಶಿಯನ್ನು ತಮ್ಮಲ್ಲಿ ಮಾಡಿ, ನಮ್ಮ ಕೂಲಿಯನ್ನು ಪೂರ್ತಿ ಕೊಟ್ಟಾರು.

ಇತಿ ತಮ್ಮ ವಿಶ್ವಾಸಿ,
ತಾರಸಿ ಮೇಲಿನವನು

ಪ್ರತಿಗಳು:

1. ವರುಣದೇವರಿಗೆ, ಹದಿನೈದು ದಿನಕ್ಕೊಮ್ಮೆ ಪ್ಯಾನೆಲ್ ತೊಳೆದುಕೊಡುವ ಸಲುವಾಗಿ, ಮನೆಯವರು ತೊಳೆಯುವುದಿಲ್ಲ.

2. ಶನಿದೇವರಿಗೆ, ಬಾಕಿ ವಸೂಲಿಯಲ್ಲಿ ನೆರವು ಕೋರಿ.

3. ಯಮಧರ್ಮರಾಯರಿಗೆ, ಮಾಹಿತಿಗಾಗಿ ಮಾತ್ರ; ಕ್ರಮಕ್ಕಾಗಿ ಅಲ್ಲ.